ಮೂವತ್ತೊಂಬತ್ತು ನಿಮಿಷದ ದೂರ

ನಮ್ಮ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಿಂತ ಮೊದಲು ಮನುಷ್ಯರನ್ನು ತೂಗುತ್ತೇವೆ. ನಮ್ಮಲ್ಲಿರುವುದು ಒಂದೇ ವಿಮಾನ, ಅದೂ ಪುಟ್ಟದು. ಪೈಲಟ್ ಪಕ್ಕ ಒಬ್ಬರು, ಹಿಂದೆ ಎಂಟು ಜನ, ಬಾಲದ ಕಡೆ ಪೆಟ್ಟಿಗೆಗಳು ಮತ್ತು ಅಂಚೆ ಚೀಲ. ನಮ್ಮೂರ ವಕೀಲರು ಬೆಳಿಗ್ಗೆ ಬಾಯಿ ಕಟ್ಟದೆ ತಿಂದು ಬಂದರೆ ಒಂದು ಅಂಚೆ ಚೀಲ ನೆಲದಲ್ಲೇ ಉಳಿಯುತ್ತದೆ, ಯಾರದೋ ಪ್ರೇಮಪತ್ರ ಒಂದು ದಿನ ತಡವಾಗುತ್ತದೆ. ತೂಗುವವಳು ನಾನು. ಹದಿನಾಲ್ಕು ವರ್ಷದಿಂದ ಈ ಊರಿನವರ ತೂಕವೆಲ್ಲ ನನ್ನ ಹೊಟ್ಟೆಯಲ್ಲಿದೆ. ಒಂದು ದಿನವೂ ಬಾಯಿಗೆ ಬಂದಿಲ್ಲ.

ಬರಬಾರದು ಎನ್ನುವುದೇ ನಿಯಮ. ತೂಕದ ಯಂತ್ರದ ಮುಳ್ಳು ನನ್ನ ಕಡೆಗೆ ಮಾತ್ರ ಕಾಣುವಂತೆ ಇಟ್ಟಿದ್ದಾರೆ. ನಾನು ಸದ್ದಿಲ್ಲದೆ ಬರೆದುಕೊಂಡು "ಮುಂದೆ ಬನ್ನಿ" ಅನ್ನಬೇಕು, ಮುಖದಲ್ಲಿ ಏನೂ ತೋರಿಸಬಾರದು. ಹೆಂಗಸರು ಸುಮ್ಮನೆ ನಿಂತು ಇಳಿಯುತ್ತಾರೆ. ಆಟ ಹೂಡುವವರೆಲ್ಲ ಗಂಡಸರು. ಉಸಿರು ಬಿಗಿಹಿಡಿಯುವವರಿದ್ದಾರೆ, ಬೂಟು ಬಿಚ್ಚುವವರಿದ್ದಾರೆ, ಒಂಟಿಕಾಲಲ್ಲಿ ನಿಂತರೆ ಅರ್ಧ ತೂಕ ಬರುತ್ತದೆಂದು ನಂಬಿದ ಒಬ್ಬ ಮೇಷ್ಟ್ರಿದ್ದಾರೆ. ಅವರು ಕಲಿಸುವುದು ಗಣಿತ.

ಆಚೆ ಊರಿನ ನಿಲ್ದಾಣಕ್ಕೂ ನಮ್ಮದಕ್ಕೂ ನಡುವೆ ನೇರ ಗೆರೆ ಎಳೆದರೆ ನೂರ ಎಪ್ಪತ್ತೊಂದು ಕಿಲೋಮೀಟರು. ರಸ್ತೆ ಹಿಡಿದರೆ ಬೆಟ್ಟ ಸುತ್ತಿ, ಸರೋವರ ಸುತ್ತಿ ಮುನ್ನೂರು ದಾಟುತ್ತದೆ, ಆರೂವರೆ ಗಂಟೆ ಬೇಕು. ವಿಮಾನಕ್ಕೆ ಮೂವತ್ತೊಂಬತ್ತು ನಿಮಿಷ. ಬರುವಾಗ ಗಾಳಿ ಎದುರಾಗುವುದರಿಂದ ನಲವತ್ತನಾಲ್ಕು. ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ನಿಮಿಷವನ್ನೇ ಹೇಳುತ್ತೇನೆ. ಕಿಲೋಮೀಟರು ನೆಲದ ಮೇಲೆ ಬಿದ್ದುಕೊಂಡಿರುವ ವಸ್ತು, ನಿಮಿಷವನ್ನಾದರೆ ಮನುಷ್ಯ ಅನುಭವಿಸಬೇಕು.

ಒಂಬತ್ತು ಹತ್ತಕ್ಕೆ ವಿಮಾನ ಏರಿದ ಮೇಲೆ ನಿಲ್ದಾಣದಲ್ಲಿ ಇರುವೆ ನಡೆದರೂ ಕೇಳುವಷ್ಟು ಸದ್ದಡಗುತ್ತದೆ. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಕಂಬದ ಮೇಲೆ ಉಬ್ಬುತ್ತದೆ, ಇಳಿಯುತ್ತದೆ. ಬಿಸಿಲಿಗೆ ರನ್‌ವೇಯ ತುದಿ ನೀರಿನ ಹಾಗೆ ಅಲುಗುತ್ತದೆ. ನಾನು ಕೌಂಟರಿನ ಮೇಲೆ ಕೈ ಮಡಚಿಟ್ಟು ಕಣ್ಣು ಮುಚ್ಚಿ ಅದರ ಜೊತೆ ಹೊರಡುತ್ತೇನೆ. ಈಗ ಮೋಡದ ಕೆಳಗೆ, ಈಗ ಮೋಡದ ಮೇಲೆ, ಈಗ ಸರೋವರ. ಮೂವತ್ತೊಂಬತ್ತು ನಿಮಿಷ ನಾನು ಯಾರಿಗೂ ಸಿಗುವುದಿಲ್ಲ. ಬೆಂಕಿ ಆರಿಸುವುದು, ಪೆಟ್ಟಿಗೆ ಹೊರುವುದು, ಕಸ ಗುಡಿಸುವುದು ಮೂರನ್ನೂ ಮಾಡುವ ನಮ್ಮ ಫೈರ್ ಮಾಮ, "ಸರ್ಕಾರಿ ನಿದ್ದೆ ಶುರುವಾಯ್ತು" ಎಂದು ಗೊಣಗುತ್ತಾರೆ. ನಿದ್ದೆಯಲ್ಲ ಎಂದು ನಾನೂ ಹೇಳಲು ಹೋಗುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಹಾರಿದವಳಲ್ಲ ನಾನು.

ಹಾರುವವಳು ನನ್ನ ಅಕ್ಕ. ನಾವಿಬ್ಬರೇ ಒಂದು ಮನೆಯಲ್ಲಿರುವವರು. ನನಗೆ ಗಂಡ ಬಂದು ಹೋದ, ಅವಳಿಗೆ ಬರಲೇ ಇಲ್ಲ. ಅವಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಉದ್ದನೆಯ ಮೇಜು, ಗೋಡೆಯಲ್ಲಿ ಅಳತೆ ಪಟ್ಟಿಗಳು. ನನ್ನನ್ನು "ಗುಂಡಿ" ಎಂದು ಕರೆಯುತ್ತಾಳೆ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದೆನಂತೆ. ನನಗೆ ಮೂವತ್ತೆಂಟು ವರ್ಷ ಎನ್ನುವುದನ್ನು ಅವಳು ಇನ್ನೂ ಒಪ್ಪಿಕೊಂಡಿಲ್ಲ.

ಬೇಸಿಗೆಯ ಮೊದಲಲ್ಲಿ ಒಂದು ಸಂಜೆ ಅಕ್ಕ, "ಆಚೆ ಊರಿನ ಒಂದು ಶಾಲೆಯವರು ಸಮವಸ್ತ್ರ ಹೊಲಿಯಕ್ಕೆ ಕೊಟ್ಟಿದಾರೆ ಕಣೆ. ಮಕ್ಕಳ ಅಳತೆ ತಗೊಳ್ಳಕ್ಕೆ ಮಂಗಳವಾರ ಮಂಗಳವಾರ ಹೋಗಿ ಬರಬೇಕು" ಎಂದಳು. ನಿಲ್ದಾಣದ ನೌಕರರ ಮನೆಮಂದಿಗೆ ವಿಮಾನದಲ್ಲಿ ಪುಕ್ಕಟೆ ಜಾಗವಿದೆ. ಅವಳು ಬೆಳಿಗ್ಗೆ ಹೋಗಿ ಸಂಜೆ ಐದರೊಳಗೆ ಬರತೊಡಗಿದಳು. ಯಾವಾಗಲೂ ಕ್ಯಾಪ್ಟನ್ ಪಕ್ಕದ ಸೀಟು. ಸಂಜೆ ನಾನು ಅವಳ ಮುಂದೆ ಕೂತು, "ಹೇಳು" ಅನ್ನುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು.

"ಹನ್ನೆರಡನೇ ನಿಮಿಷಕ್ಕೆ ಸರೋವರ ಬರತ್ತೆ. ಎಡಗಡೆ. ಇಸ್ತ್ರಿ ಮಾಡಿಟ್ಟ ಹಾಗಿರತ್ತೆ. ಮಧ್ಯೆ ಒಂದು ದೋಣಿ, ಅದು ಹೋಗ್ತಿದೆಯೋ ನಿಂತಿದೆಯೋ ಗೊತ್ತಾಗಲ್ಲ."

"ಆಮೇಲೆ?"

"ಇಪ್ಪತ್ತೊಂದಕ್ಕೆ ಕಲ್ಲುಗಣಿ. ಬೆಟ್ಟಾನ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದಾರೆ. ಇಪ್ಪತ್ತಾರಕ್ಕೆ ಹಳದಿ ಹೊಲ, ಬರೀ ಹಳದಿ. ಮೂವತ್ತಕ್ಕೆ ಎರಡು ನದಿ ಸೇರೋ ಜಾಗ. ಒಂದು ಕೆಂಪು ನೀರು, ಒಂದು ಹಸಿರು ನೀರು, ತುಂಬ ದೂರದವರೆಗೂ ಬೆರೆಯೋದೇ ಇಲ್ಲ."

"ಆಮೇಲೆ?"

"ಆಮೇಲೆ ಇಳೀತೀವಿ, ಅಷ್ಟೆ."

ಮರುದಿನ ಕೌಂಟರಿನಲ್ಲಿ ಕಣ್ಣು ಮುಚ್ಚಿದರೆ ನನ್ನ ಪ್ರಯಾಣಕ್ಕೆ ಹಳದಿ ಹೊಲ ಸೇರಿರುತ್ತಿತ್ತು, ಎರಡು ಬಣ್ಣದ ನೀರು ಸೇರಿರುತ್ತಿತ್ತು. ಕೊನೆಯ ಒಂಬತ್ತು ನಿಮಿಷಕ್ಕೆ ಮಾತ್ರ ನನ್ನಲ್ಲಿ ಏನೂ ಇರಲಿಲ್ಲ. ಅಲ್ಲಿಂದ ಮುಂದೆ ಬೆಳ್ಳಗಿನ ಮಂಜು.

ಮೊದಲ ಮಂಗಳವಾರ ಅಕ್ಕ ತೂಕದ ಮೇಲೆ ನಿಂತಾಗ ಅರವತ್ತಮೂರು ಇತ್ತು. ಎರಡನೇ ವಾರ ಅರವತ್ತೆರಡು. ಮೂರನೇ ವಾರ ಅರವತ್ತು. ಬಿಸಿಲಿಗೆ ಎಲ್ಲರೂ ಒಂದಿಷ್ಟು ಇಳಿಯುತ್ತಾರೆ ಎಂದುಕೊಂಡೆ. ನಾಲ್ಕನೇ ವಾರ ಐವತ್ತೆಂಟಾಯಿತು. ನೋಡಿದರೆ ಅಕ್ಕ ಎಂದಿನಂತೆಯೇ ಇದ್ದಳು. ಅಂಗಿ ಭುಜದಲ್ಲಿ ಸರಿಯಾಗಿ ಕೂತಿತ್ತು, ಸೊಂಟದಲ್ಲಿ ಸರಿಯಾಗಿ ಕೂತಿತ್ತು. ಎಲ್ಲೂ ಜೋತು ಬಿದ್ದಿರಲಿಲ್ಲ. ನಾನು "ಮುಂದೆ ಬನ್ನಿ" ಎಂದೆ. ತೂಕದ ಹತ್ತಿರ ಅಕ್ಕನಿಗೂ ಬಹುವಚನವೇ.

ಆ ದಿನ ನಾನು ಭಾರದ ಚೀಟಿಯಲ್ಲಿ ಅವಳ ಹೆಸರಿನ ಮುಂದೆ ಅರವತ್ತಮೂರು ಎಂದು ಬರೆದೆ.

ಆ ಚೀಟಿ ಅಂದರೆ ಸಾಮಾನ್ಯವಲ್ಲ. ಯಾರು ಎಷ್ಟು ಭಾರ, ಯಾರು ಎಲ್ಲಿ ಕೂರಬೇಕು, ಎಷ್ಟು ಇಂಧನ, ಎಷ್ಟು ಅಂಚೆ, ಎಲ್ಲ ಅದರಲ್ಲಿರುತ್ತದೆ. ಕ್ಯಾಪ್ಟನ್ ಅದನ್ನು ನಂಬಿ ವಿಮಾನ ಎತ್ತುತ್ತಾರೆ. ಅಂಥ ಚೀಟಿಯಲ್ಲಿ ಬರೆದದ್ದು ನಿಜವೇ ಆಗಿರಬೇಕಲ್ಲ, ಹಾಗಾಗಿ ನಾನು ಅರವತ್ತಮೂರು ಬರೆದರೆ ಅಕ್ಕ ಅರವತ್ತಮೂರೇ ಇರುತ್ತಾಳೆ ಎನ್ನುವ ಒಂದು ಮಂಕು ನನಗೆ ಕವಿದಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಐದನೇ ವಾರವೂ ಅದನ್ನೇ ಬರೆದೆ. ಆರನೇ ವಾರವೂ. ಮುಳ್ಳು ಐವತ್ತೈದು ತೋರಿಸಲಿ, ಐವತ್ಮೂರು ತೋರಿಸಲಿ, ನನ್ನ ಪೆನ್ನು ಅರವತ್ತಮೂರು ಬಿಟ್ಟು ಕದಲಲಿಲ್ಲ.

ಕೇಳಬಹುದಿತ್ತು. ಒಂದೇ ಮನೆ, ಒಂದೇ ಒಲೆ. ಆದರೆ ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎನ್ನುವುದೇ ನನ್ನ ಭಯ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮನನ್ನು ಆಚೆ ಊರಿನ ದೊಡ್ಡ ಆಸ್ಪತ್ರೆಗೆ ರಸ್ತೆಯಲ್ಲಿ ಕರೆದುಕೊಂಡು ಹೋದರು. ಆಗ ಈ ನಿಲ್ದಾಣ ಇರಲಿಲ್ಲ. ಜೀಪಿನಲ್ಲಿ ಅಮ್ಮ ಮಲಗಿಕೊಂಡಿದ್ದರಿಂದ ಜಾಗವಿಲ್ಲವೆಂದು ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅಕ್ಕ ಹತ್ತಿ ಕೂತಳು. ಅವಳಿಗಾಗ ಹತ್ತೊಂಬತ್ತು. ನಾಲ್ಕನೇ ದಿನ ಒಬ್ಬಳೇ ಇಳಿದು ಬಂದಳು. ಆವತ್ತಿನಿಂದ ಅವಳೇ ನನ್ನ ತಾಯಿ, ತಂದೆ, ದರ್ಜಿ, ಮೇಷ್ಟ್ರು ಎಲ್ಲ.

ಹತ್ತನೇ ಮಂಗಳವಾರದ ಮುಂದಿನ ಸೋಮವಾರ ಮಧ್ಯಾಹ್ನ ಕ್ಯಾಪ್ಟನ್ ನನ್ನ ಕೌಂಟರಿಗೆ ಬಂದರು. ಮಾತು ಕಡಿಮೆ ಮನುಷ್ಯ. ನರೆತ ಗಡ್ಡ ಕೆರೆದುಕೊಳ್ಳುತ್ತ ಹಳೆಯ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟರು.

"ನೋಡಮ್ಮ, ಮಂಗಳವಾರದ ಚೀಟೀಲಿ ಏನೋ ಸರಿ ಇಲ್ಲ."

"ಏನು ಸಾರ್?"

"ನನ್ನ ಪಕ್ಕದ ಸೀಟಲ್ಲಿ ಅರವತ್ತಮೂರು ಕಿಲೋ ಕೂತಿದೆ ಅಂತ ನೀನು ಬರೀತೀಯ. ಇಪ್ಪತ್ತೆಂಟು ವರ್ಷ ಆಯ್ತು ನಾನು ಇದನ್ನ ಹಾರಿಸ್ತಾ. ವಿಮಾನದ ಮೂಗು ಬೇರೆ ಲೆಕ್ಕ ಹೇಳ್ತಿದೆ."

ನಾನು ಚೀಟಿಗಳನ್ನೇ ನೋಡುತ್ತಿದ್ದೆ. ಅರವತ್ತಮೂರು, ಅರವತ್ತಮೂರು, ಅರವತ್ತಮೂರು.

"ಯಾರದ್ದೋ ತೂಕ ಜಾಸ್ತಿ ಆದ್ರೆ ಜನ ಮುಚ್ಚಿಡ್ತಾರೆ, ಅದು ಗೊತ್ತು. ಕಡಿಮೆ ಆಗಿದ್ದನ್ನ ಮುಚ್ಚಿಟ್ಟಿದ್ದು ನೀನೇ ಮೊದಲು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನಿಮ್ಮಕ್ಕ ಅಲ್ಲಿ ಎಲ್ಲಿಗೆ ಹೋಗ್ತಾರೆ ಅಂತ ನನ್ನ ಕೇಳಬೇಡ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಆದ್ರೆ ನಾಳೆ ಚೀಟೀಲಿ ನಿಜವಾದ ತೂಕ ಇರಲಿಲ್ಲ ಅಂದ್ರೆ ನಾನು ಬಾಗಿಲು ಹಾಕಲ್ಲ. ಎಂಟು ಜನರ ಜೀವ ಇದೆ ಅದರಲ್ಲಿ."

ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅವರು ಹೇಳಿದ್ದರಲ್ಲಿ ಎಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ತಲೆ ತಗ್ಗಿಸಿ "ಆಯ್ತು ಸಾರ್" ಎಂದೆ.

ಆ ಸಂಜೆ ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಿಟಕಿಯಿಂದ ಬಂದ ಬಿಸಿಲು ಅವಳ ಕೈಗಳ ಮೇಲೆ ಬಿದ್ದಿತ್ತು. ಅವಳು ಹೊಲಿಯುತ್ತಿದ್ದುದು ಶಾಲೆಯ ಮಕ್ಕಳ ಅಂಗಿಯಲ್ಲ, ತನ್ನದೇ ನೀಲಿ ಅಂಗಿ. ಪಕ್ಕದ ಹೊಲಿಗೆ ಬಿಚ್ಚಿ ಎರಡು ಬೆರಳಷ್ಟು ಒಳಗೆ ಹಿಡಿಯುತ್ತಿದ್ದಳು. ಆ ಅಂಗಿಯ ಒಳಗೆ ಹಳೆಯ ಹೊಲಿಗೆಗಳ ಗುರುತು ಸಾಲಾಗಿ ಕಾಣಿಸಿತು, ವಾರಕ್ಕೊಂದರಂತೆ. ಹಾಗಾದರೆ ಪ್ರತಿ ಸೋಮವಾರ ಇವಳು ಕೂತು ತನ್ನನ್ನು ತಾನು ಅಳೆದುಕೊಂಡು, ಮಂಗಳವಾರ ನನ್ನ ಮುಂದೆ ನಿಲ್ಲುವುದಕ್ಕೆ ಸರಿಮಾಡಿಕೊಳ್ಳುತ್ತಿದ್ದಳು. ನನಗೆ ಕಾಣಬಾರದೆಂದು. ನಾನು ಮಂಗಳವಾರ ಮುಳ್ಳು ನೋಡಿ, ಯಾರಿಗೂ ಕಾಣಬಾರದೆಂದು ಸುಳ್ಳು ಬರೆಯುತ್ತಿದ್ದೆ. ಅಕ್ಕತಂಗಿಯರಿಬ್ಬರೂ ಅಳತೆಯಲ್ಲೇ ಬದುಕುವವರು, ಇಬ್ಬರೂ ಅಳತೆಯನ್ನೇ ತಿದ್ದಿದ್ದೆವು.

"ಏನೇ ಗುಂಡಿ, ಬಾಗಿಲಲ್ಲೇ ನಿಂತೆ?" ಎಂದಳು, ಅಂಗಿಯನ್ನು ಮಡಿಲಿಗೆ ಎಳೆದುಕೊಂಡು.

"ಏನಿಲ್ಲ. ಸುಸ್ತು."

ಅತ್ತ ಅವಳು ಯಂತ್ರ ತುಳಿಯತೊಡಗಿದಳು, ಇತ್ತ ನಾನು ಒಲೆ ಹಚ್ಚಿದೆ. ನಾಲಿಗೆಯ ಮೇಲೆ ಇದ್ದ ಮಾತು ಊಟದ ಜೊತೆ ಒಳಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ಎಂಟು ಜನ ಬಂದರು. ವಕೀಲರು, ಗಣಿತದ ಮೇಷ್ಟ್ರು, ಹಲ್ಲಿನ ಡಾಕ್ಟರು, ಮಗಳ ಮನೆಗೆ ಹೊರಟ ಗಂಡಹೆಂಡತಿ, ಇಬ್ಬರು ಅಪರಿಚಿತರು, ಕೊನೆಗೆ ಅಕ್ಕ. ನೀಲಿ ಅಂಗಿ ಅವಳಿಗೆ ಅಚ್ಚುಕಟ್ಟಾಗಿ ಕೂತಿತ್ತು. ತೂಕದ ಮೇಲೆ ನಿಂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಮುಳ್ಳು ಏರಿ, ನಡುಗಿ, ನಲವತ್ತೊಂಬತ್ತರಲ್ಲಿ ನಿಂತಿತು.

ಚೀಟಿಯನ್ನು ಹತ್ತಿರ ಎಳೆದುಕೊಂಡೆ. ಆಮೇಲೆ ಬರೆದೆ. ನಾಲ್ಕು, ಒಂಬತ್ತು. ಬರೆದ ಮೇಲೆ ಅದನ್ನು ನೋಡಿದೆ. ಇದು ನಿಜ. ಇನ್ನು ಇದನ್ನು ಕಾಣದ ಹಾಗೆ ಇರಲು ನನ್ನಿಂದಾಗದು ಎಂದು ಅನಿಸಿತು.

"ಮುಂದೆ ಬನ್ನಿ" ಎಂದೆ.

ಆಮೇಲೆ ಕೂಡಿಸಿದೆ. ಎಂಟು ಜನ, ಪೆಟ್ಟಿಗೆಗಳು, ಅಂಚೆ, ಹೋಗುವ ಮೂವತ್ತೊಂಬತ್ತು ನಿಮಿಷಕ್ಕೆ ಇಂಧನ, ಇಳಿಯಲಾಗದಿದ್ದರೆ ಎಂದು ಇನ್ನೂ ಮುಕ್ಕಾಲು ಗಂಟೆಗೆ ಇಂಧನ. ಬೇಸಿಗೆಯಲ್ಲಿ ಬಿಸಿಗಾಳಿಗೆ ವಿಮಾನ ಹೆಚ್ಚು ಭಾರ ಎತ್ತುವುದಿಲ್ಲ, ಹಾಗಾಗಿ ಒಂಬತ್ತನೇ ಸೀಟು ಖಾಲಿಯೇ ಹೋಗುತ್ತದೆ. ಮಿತಿಯಲ್ಲಿ ಎಷ್ಟು ಉಳಿಯಿತೆಂದು ಕಳೆದು ನೋಡಿದೆ. ಐವತ್ತೈದು ಕಿಲೋ. ತಪ್ಪಾಯಿತೇನೋ ಎಂದು ಇನ್ನೊಮ್ಮೆ ಕಳೆದೆ. ಐವತ್ತೈದೇ. ಅಕ್ಕ ಮೊದಲಿನಂತೆ ಅರವತ್ತಮೂರು ಇದ್ದಿದ್ದರೆ ನಲವತ್ತೊಂದು ಉಳಿಯುತ್ತಿತ್ತು. ಅಷ್ಟರಲ್ಲಿ ದೊಡ್ಡವರು ಯಾರೂ ಹಿಡಿಸುವುದಿಲ್ಲ.

ನಾನು ಎದ್ದು ಕೋಟು ಬಿಚ್ಚಿದೆ, ಚಪ್ಪಲಿ ಬಿಚ್ಚಿದೆ, ಕಿಸೆಯ ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟೆ. ಗಂಡಸರನ್ನು ನೋಡಿ ಒಳಗೊಳಗೇ ನಕ್ಕವಳು ಅವರ ಆಟಗಳನ್ನೆಲ್ಲ ಒಂದೊಂದಾಗಿ ಆಡಿದೆ.

"ಮಾಮ, ಸ್ವಲ್ಪ ಇಲ್ಲಿ ಬಂದು ನನ್ನ ತೂಕ ನೋಡಿ."

ಫೈರ್ ಮಾಮ ಪೆಟ್ಟಿಗೆ ಕೆಳಗಿಟ್ಟು ಬಂದರು. ನಾನು ತೂಕದ ಮೇಲೆ ಹತ್ತಿ ನಿಂತೆ. ಹದಿನಾಲ್ಕು ವರ್ಷ ಆ ಕಡೆ ನಿಂತವಳಿಗೆ ಈ ಕಡೆ ನಿಂತರೆ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಉಸಿರು ಬಿಗಿಹಿಡಿದಿದ್ದೆ.

"ಐವತ್ನಾಲ್ಕು" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು. ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ.

"ನಾನು ಹೋಗಿ ಬರ್ತೀನಿ. ಸಂಜೆವರೆಗೂ ಕೌಂಟರು ನೋಡ್ಕೊಳ್ಳಿ."

"ಎಲ್ಲಿಗಮ್ಮ?"

"ಅಕ್ಕನ ಜೊತೆಗೆ."

ಅವರು ಬಾಗಿಲ ಆಚೆ ವಿಮಾನದ ಕಡೆ ನಡೆಯುತ್ತಿದ್ದ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಮೇಜಿನ ಮೇಲಿದ್ದ ಗೊಂಚಲು ಎತ್ತಿ ತಮ್ಮ ಕಿಸೆಗೆ ಹಾಕಿಕೊಂಡರು. ಕ್ಯಾಪ್ಟನ್ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಒಂಬತ್ತನೇ ಸಾಲಿನಲ್ಲಿ ನನ್ನನ್ನು ಕಂಡಾಗಲೂ ಹುಬ್ಬು ಏರಲಿಲ್ಲ. ಸಹಿ ಹಾಕಿ, "ಕೊನೇ ಸೀಟಲ್ಲಿ ಕೂರು. ಭಾರ ಸರಿ ಹೋಗತ್ತೆ" ಎಂದರು.

ಹಾಗೆ ನಾನು ಬಾಲದಲ್ಲಿ, ಅಕ್ಕ ಮೂಗಿನಲ್ಲಿ. ನಾನು ಬಗ್ಗಿ ಒಳಗೆ ಬಂದದ್ದನ್ನು ಅವಳು ತಿರುಗಿ ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಎಂಜಿನ್ ಶುರುವಾಗಿ, ಏನು ಹೇಳಿದಳೋ ಅದೆಲ್ಲ ಸದ್ದಿನಲ್ಲಿ ಮುಳುಗಿತು. ಆ ವಿಮಾನದಲ್ಲಿ ಮಾತಾಡಲು ಆಗುವುದಿಲ್ಲ. ಎಷ್ಟು ಸಲ ಹಾರಿದರೂ ಅಕ್ಕ ಇದನ್ನು ಮಾತ್ರ ನನಗೆ ಹೇಳಿರಲಿಲ್ಲ.

ನೆಲ ಕೈಬಿಟ್ಟಿತು. ನಮ್ಮ ನಿಲ್ದಾಣ ಬೆಂಕಿಪೆಟ್ಟಿಗೆಯಷ್ಟಾಯಿತು, ಅದರ ಮುಂದೆ ಫೈರ್ ಮಾಮ ಒಂದು ಚುಕ್ಕೆ. ಬೆಳ್ಳಗಿನದರೊಳಗೆ ಹೋದೆವು, ಮೇಲೆ ಬಂದೆವು. ಮೇಲೆ ಬಿಸಿಲು ಬೇರೆ ಥರ ಇತ್ತು, ಯಾರೂ ಇನ್ನೂ ಮುಟ್ಟದ ಹಾಗೆ. ಹಾರುತ್ತಿದ್ದೇವೆ ಎಂದು ಅನಿಸಲೇ ಇಲ್ಲ. ತೂಗುಬಿಟ್ಟ ತೊಟ್ಟಿಲಲ್ಲಿ ನಾವು ಕೂತಿದ್ದೆವು, ಭೂಮಿಯೇ ಕೆಳಗಿನಿಂದ ನಿಧಾನವಾಗಿ ಸರಿಯುತ್ತಿತ್ತು. ಎಂಜಿನ್ ಸದ್ದು ಸ್ವಲ್ಪ ಹೊತ್ತಿನಲ್ಲಿ ಸದ್ದಾಗಿ ಉಳಿಯಲಿಲ್ಲ. ಮೇಷ್ಟ್ರ ತಲೆ ಆಗಲೇ ವಾಲಿತ್ತು. ಎರಡು ಸಾಲು ಭುಜಗಳ ನಡುವಿನಿಂದ ನನಗೆ ಅಕ್ಕನ ಕತ್ತಿನ ಹಿಂಭಾಗ ಕಾಣುತ್ತಿತ್ತು. ಕತ್ತಿಗೆ ಹೊಲಿಗೆ ಹಾಕಿ ಸರಿಮಾಡಲು ಆಗುವುದಿಲ್ಲ. ಎಷ್ಟು ಸಣ್ಣಗಾಗಿತ್ತು ಅದು.

ಹನ್ನೆರಡನೇ ನಿಮಿಷಕ್ಕೆ ಅಕ್ಕ ಎಡಗೈ ಎತ್ತಿದಳು. ಹಿಂದೆ ನೋಡದೆಯೇ ಬೆರಳನ್ನು ಕಿಟಕಿಯ ಕೆಳಗೆ ತೋರಿಸಿದಳು. ಸರೋವರ. ದೋಣಿಯೂ ಇತ್ತು, ಹೋಗುತ್ತಿದೆಯೋ ನಿಂತಿದೆಯೋ ಗೊತ್ತಾಗಲಿಲ್ಲ. ಇಪ್ಪತ್ತೊಂದಕ್ಕೆ ಮತ್ತೆ ಕೈ ಎದ್ದಿತು, ಕಲ್ಲುಗಣಿ. ಇಪ್ಪತ್ತಾರಕ್ಕೆ ಹಳದಿ. ಮೂವತ್ತಕ್ಕೆ ಎರಡು ನೀರು ಪಕ್ಕಪಕ್ಕದಲ್ಲೇ ಹರಿಯುತ್ತ, ಬೆರೆಯದೆ. ಚಿಕ್ಕಂದಿನಲ್ಲಿ ಚಿತ್ರದ ಪುಸ್ತಕ ಮುಂದಿಟ್ಟುಕೊಂಡು ಇದು ಏನು, ಇದು ಏನು ಎಂದು ಬೆರಳಿಡುತ್ತಿದ್ದಳಲ್ಲ, ಹಾಗೆಯೇ ತೋರಿಸಿದಳು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸುಖವೂ ಆಗುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆಮೇಲೆ ಅವಳ ಕೈ ಏಳಲಿಲ್ಲ. ನಾನೇ ನೋಡಿದೆ. ಊರು ಶುರುವಾಯಿತು. ಮನೆಗಳ ನಡುವೆ ಬೂದು ಬಣ್ಣದ ಉದ್ದನೆಯ ಕಟ್ಟಡ, ಸಾಲು ಸಾಲು ಕಿಟಕಿ, ಅಂಗಳದಲ್ಲಿ ಬಿಳಿ ಗಾಡಿಗಳು. ಅಮ್ಮ ಹೋದ ಆಸ್ಪತ್ರೆ. ಇಳಿಯುವ ದಾರಿ ಸರಿಯಾಗಿ ಅದರ ಮೇಲೆಯೇ ಹೋಗುತ್ತದೆ. ಅಕ್ಕ ಮುಂದೆ ನೆಟ್ಟಗೆ ಕೂತಿದ್ದಳು.

ನಿಲ್ದಾಣದ ಹೊರಗೆ ಟ್ಯಾಕ್ಸಿ ಹತ್ತಿದೆವು. ಎಲ್ಲಿಗೆಂದು ಅಕ್ಕ ಹೇಳಬೇಕಾಗಲಿಲ್ಲ, ಚಾಲಕನಿಗೆ ಗೊತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಯಾವಾಗಿಂದ ಗೊತ್ತು?"

"ನಾಲ್ಕನೇ ವಾರದಿಂದ."

"ಕೇಳಲಿಲ್ಲ ನೀನು."

"ನೀನು ಹೇಳಲಿಲ್ಲ."

ಟ್ಯಾಕ್ಸಿ ಎರಡು ಕಡೆ ತಿರುಗಿತು. ಅವಳು ನನ್ನ ಕೈ ಹಿಡಿದುಕೊಂಡಳು. ಬೆರಳುಗಳು ಹಗುರವಾಗಿದ್ದವು, ಸೂಜಿ ಹಿಡಿದು ಗಟ್ಟಿಯಾದ ತುದಿಗಳು ಮಾತ್ರ ಹಾಗೇ ಇದ್ದವು.

"ಆವತ್ತು ಜೀಪಿಂದ ಒಬ್ಬಳೇ ಇಳಿದೆ ನೋಡು" ಎಂದಳು. "ನೀನು ಓಡಿ ಬಂದು ಜೀಪಿನೊಳಗೆ ಇಣುಕಿ ನೋಡಿದೆ. ಅಮ್ಮ ಮಲಗಿದಾರೇನೋ ಅಂತ ಸೀಟಿನ ಕೆಳಗೂ ನೋಡಿದೆ. ಆ ಮುಖ ಇನ್ನೊಂದು ಸಲ ನೋಡಕ್ಕೆ ನನ್ನಿಂದ ಆಗಲ್ಲ ಕಣೆ. ಅದಕ್ಕೇ ಹೇಳಲಿಲ್ಲ."

"ನಾನು ಇಣುಕಿದ್ದು ಯಾಕೆ ಗೊತ್ತಾ? ನನ್ನ ಬಿಟ್ಟು ಹೋಗಿದ್ರಲ್ಲ, ಅದಕ್ಕೆ. ಏನಾಯ್ತು ಅಂತ ನಾನು ನೋಡೇ ಇರಲಿಲ್ಲ. ಜೊತೆಗಿದ್ದಿದ್ರೆ ಸೀಟಿನ ಕೆಳಗೆ ಹುಡುಕ್ತಾ ಇರಲಿಲ್ಲ, ಅಕ್ಕ."

ಆಸ್ಪತ್ರೆ ಬರುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಮೂರನೇ ಮಹಡಿಯಲ್ಲಿ ಉದ್ದದ ಕೋಣೆ, ಗೋಡೆಗೆ ತಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಔಷಧಿಯ ಬಾಟಲಿ ತೂಗುಹಾಕುವ ಕಂಬ. ಅಕ್ಕ ಬಂದ ಕೂಡಲೇ ಮೇಜಿನ ಹಿಂದಿದ್ದ ನರ್ಸ್ ತಲೆ ಎತ್ತದೆ ಫಾರಂ ಎಳೆದುಕೊಂಡಳು. ಹನ್ನೊಂದನೇ ಸಲ, ಅವಳಿಗೆ ಎಲ್ಲ ಬಾಯಿಪಾಠ. ಹೆಸರು, ವಯಸ್ಸು, ವಿಳಾಸ ಬರೆಯುತ್ತ ಹೋದಳು. ಕೆಳಗೊಂದು ಸಾಲಿತ್ತು, "ಜೊತೆಗೆ ಬಂದವರು" ಎಂದು. ಅಲ್ಲಿಗೆ ಬಂದಾಗ ಕೇಳದೆಯೇ ಒಂದು ಅಡ್ಡಗೆರೆ ಎಳೆದುಬಿಟ್ಟಳು. ಹತ್ತು ವಾರ ಎಳೆದಿದ್ದ ಗೆರೆ ಅದು, ಕೈ ತಾನಾಗಿಯೇ ಹೋಯಿತು.

"ಸಿಸ್ಟರ್, ಸ್ವಲ್ಪ ಇರಿ" ಎಂದಳು ಅಕ್ಕ. "ಪೆನ್ನು ಕೊಡಿ ಇಲ್ಲಿ."

ನರ್ಸ್ ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಅಕ್ಕ ಫಾರಂ ತನ್ನ ಕಡೆ ತಿರುಗಿಸಿಕೊಂಡು, ಆ ಗೆರೆಯ ಮೇಲೆಯೇ, ದೊಡ್ಡ ಅಕ್ಷರದಲ್ಲಿ "ತಂಗಿ" ಎಂದು ಬರೆದಳು.